ದನಕ್ಕೆ ಚುಚ್ಚಿದ ಸೂಜಿ ರಣಹದ್ದನ್ನು ಕೊಂದಿದ್ದು ಹೇಗೆ? ರಾಮದೇವರ ಬೆಟ್ಟದಲ್ಲಿ ಉಳಿದಿರೋದು ಬೆರಳೆಣಿಕೆ ಹಕ್ಕಿ

ರಾಮನಗರ: ಶೋಲೆ ಸಿನಿಮಾ ಅಂದ್ರೆ ಎಲ್ಲರಿಗೂ ರಾಮನಗರದ ಬಂಡೆ ನೆನಪಾಗುತ್ತೆ. ಸಿನಿಮಾ ತೆರೆ ಕಂಡಿದ್ದು 1975ರಲ್ಲಿ. ಇವತ್ತಿಗೂ ಶನಿವಾರ, ಭಾನುವಾರ ಬಂತು ಅಂದ್ರೆ ಬೆಂಗಳೂರಿನಿಂದ ಜನ ಗಾಡಿ ಹತ್ತಿ ರಾಮದೇವರ ಬೆಟ್ಟಕ್ಕೆ ಬರ್ತಾರೆ. ಗಬ್ಬರ್ ಸಿಂಗ್ ನಿಂತಿದ್ದ ಬಂಡೆ ಯಾವುದು ಅಂತ ಕೇಳ್ತಾರೆ, ಸೆಲ್ಫಿ ತಗೊಂಡು ವಾಪಸ್ ಹೋಗ್ತಾರೆ. ಅದೇ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟೋ ಒಂದು ದೊಡ್ಡ ಹಕ್ಕಿಯ ಬಗ್ಗೆ ಕೇಳೋರು ಮಾತ್ರ ಕಮ್ಮಿ.

ಆ ಹಕ್ಕಿಯೇ ಉದ್ದಕೊಕ್ಕಿನ ರಣಹದ್ದು. ರೆಕ್ಕೆ ಬಿಚ್ಚಿದರೆ ಎರಡು ಮೀಟರ್‌ಗೂ ಜಾಸ್ತಿ. ತೂಕ ಐದಾರು ಕೆ.ಜಿ. ಇದನ್ನು ಉಳಿಸೋದಕ್ಕೆ ಅಂತಲೇ 2012ರಲ್ಲಿ ರಾಜ್ಯ ಸರ್ಕಾರ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್, ಅಂದ್ರೆ 856 ಎಕರೆ ಜಾಗವನ್ನು ರಣಹದ್ದು ವನ್ಯಜೀವಿಧಾಮ ಎಂದು ಘೋಷಿಸಿತು. ರಣಹದ್ದಿಗಾಗಿಯೇ ಮಾಡಿದ ದೇಶದ ಮೊದಲ ಧಾಮ ಅನ್ನೋ ಹೆಸರು ಇದಕ್ಕಿದೆ. ಇಷ್ಟೆಲ್ಲಾ ಇದ್ದರೂ ಬೆಟ್ಟದಲ್ಲಿ ಉಳಿದಿರೋದು ಕೈಬೆರಳಲ್ಲಿ ಎಣಿಸುವಷ್ಟು ಹಕ್ಕಿಗಳು.

ಯಾಕೆ ಹೀಗಾಯ್ತು? ಯಾರಾದರೂ ಬೇಟೆ ಆಡಿದ್ರಾ? ಕಾಡು ಕಡಿದಿದ್ದಕ್ಕಾ? ಮೊಬೈಲ್ ಟವರ್ ಕಾರಣವಾ? ಊರಲ್ಲಿ ಕೇಳಿದರೆ ಇಂಥ ಉತ್ತರಗಳೇ ಜಾಸ್ತಿ ಸಿಗುತ್ತವೆ. ಆದರೆ ನಿಜವಾದ ಉತ್ತರ ಇರೋದು ಬೆಟ್ಟದ ಮೇಲಲ್ಲ, ಬೆಟ್ಟದ ಕೆಳಗಿನ ಕೊಟ್ಟಿಗೆಯಲ್ಲಿ.

ಮೊದಲು ಎಷ್ಟಿದ್ದವು?

ಅರವತ್ತು ದಾಟಿದ ರೈತರನ್ನು ಮಾತಾಡಿಸಿದರೆ ಹಳೇ ಕಾಲದ ಚಿತ್ರ ಕಣ್ಣಿಗೆ ಕಟ್ಟುತ್ತೆ. ಎತ್ತೋ ಎಮ್ಮೆಯೋ ಸತ್ತರೆ ಊರಾಚೆ ಬಯಲಿಗೆ ಎಳೆದು ಹಾಕೋರು. ಚರ್ಮ ಸುಲಿಯೋ ಹೊತ್ತಿಗೆ ಆಕಾಶದಲ್ಲಿ ಹದ್ದುಗಳು ಸುತ್ತು ಹಾಕ್ತಾ ಇದ್ದವು. ಒಂದು ಇಳಿದರೆ ಅದನ್ನು ನೋಡಿ ಹತ್ತು, ಹತ್ತನ್ನು ನೋಡಿ ಐವತ್ತು. ದೊಡ್ಡ ಗುಂಪು ಇಳಿದರೆ ಒಂದು ಗಂಟೆಯೊಳಗೆ ಅಲ್ಲಿ ಮೂಳೆ ಬಿಟ್ಟರೆ ಬೇರೇನೂ ಉಳಿಯುತ್ತಿರಲಿಲ್ಲ. ನಾತ ಇಲ್ಲ, ನೊಣ ಇಲ್ಲ.

ಇದು ರಾಮನಗರದ ಕತೆ ಮಾತ್ರ ಅಲ್ಲ. 1980ರ ದಶಕದಲ್ಲಿ ಭಾರತದಲ್ಲಿ ರಣಹದ್ದುಗಳು ಕೋಟಿ ಲೆಕ್ಕದಲ್ಲಿದ್ದವು. ದೆಹಲಿ, ಮುಂಬೈನಂಥ ಊರುಗಳ ಒಳಗೂ ಇದ್ದವು. ಅವು ಕಮ್ಮಿಯಾಗ್ತಾವೆ ಅಂತ ಆಗ ಯಾರೂ ಅಂದುಕೊಂಡಿರಲಿಲ್ಲ.

ಮೊದಲು ಗಾಬರಿಯಾಗಿದ್ದು ರಾಜಸ್ಥಾನದ ಭರತ್‌ಪುರದಲ್ಲಿ. ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ಹದ್ದಿನ ಗೂಡು ಎಣಿಸ್ತಾ ಇದ್ದರು. 1987-88ರಲ್ಲಿ ಗೂಡು ಕಟ್ಟಿದ್ದ ಬಿಳಿಬೆನ್ನಿನ ರಣಹದ್ದುಗಳು 353 ಜೋಡಿ. ಹತ್ತು ವರ್ಷ ಕಳೆಯೋದರಲ್ಲಿ ಅದು 150 ಜೋಡಿಗೆ ಇಳಿಯಿತು. ಇನ್ನು ಕೆಲವೇ ವರ್ಷದಲ್ಲಿ ಅಲ್ಲಿ ಒಂದು ಗೂಡೂ ಉಳಿಯಲಿಲ್ಲ.

ಆಮೇಲೆ ದೇಶದ ಬೇರೆ ಕಡೆಯೂ ರಸ್ತೆ ಬದಿ ಎಣಿಕೆ ನಡೆಯಿತು. 1992ಕ್ಕೂ 2007ಕ್ಕೂ ಹೋಲಿಸಿ ನೋಡಿದಾಗ ಬಿಳಿಬೆನ್ನಿನ ರಣಹದ್ದು ಶೇ.99.9ರಷ್ಟು ಕಮ್ಮಿಯಾಗಿತ್ತು. ಅಂದ್ರೆ ಸಾವಿರ ಇದ್ದ ಕಡೆ ಒಂದು. ರಾಮದೇವರ ಬೆಟ್ಟದಲ್ಲಿರೋ ಉದ್ದಕೊಕ್ಕಿನ ಜಾತಿ ಮತ್ತು ಉತ್ತರ ಭಾರತದ ಅದರ ಹತ್ತಿರದ ಸಂಬಂಧಿ ಜಾತಿ, ಎರಡೂ ಸೇರಿ ಶೇ.96.8ರಷ್ಟು ಇಳಿದಿತ್ತು. ಅಂದ್ರೆ ನೂರರಲ್ಲಿ ಉಳಿದಿದ್ದು ಮೂರು. ಇಷ್ಟು ಬೇಗ ಇಷ್ಟು ಸಂಖ್ಯೆಯಲ್ಲಿ ಕಾಣೆಯಾದ ಹಕ್ಕಿಗಳು ಪ್ರಪಂಚದಲ್ಲೇ ಬಹಳ ಅಪರೂಪ.

ಭಾರತದಲ್ಲಿ ಒಟ್ಟು ಒಂಬತ್ತು ಜಾತಿಯ ರಣಹದ್ದುಗಳಿವೆ. ಅದರಲ್ಲಿ ನಾಲ್ಕು ಜಾತಿ ಈಗ 'ತೀವ್ರ ಅಳಿವಿನಂಚಿನ' ಪಟ್ಟಿಯಲ್ಲಿವೆ. ಕಾಡಿನಿಂದ ಪೂರ್ತಿ ಮಾಯ ಆಗೋದಕ್ಕೆ ಮುಂಚಿನ ಕೊನೇ ಮೆಟ್ಟಿಲು ಅದು. ಉದ್ದಕೊಕ್ಕಿನ ರಣಹದ್ದು ಆ ನಾಲ್ಕರಲ್ಲಿ ಒಂದು.

ಕಾರಣ ಹುಡುಕೋಕೆ ವರ್ಷಗಳೇ ಹಿಡಿದವು

ಸಾಯೋ ಹದ್ದುಗಳಲ್ಲಿ ಒಂದು ವಿಚಿತ್ರ ಕಾಣಿಸ್ತಿತ್ತು. ಕೊಂಬೆ ಮೇಲೆ ಕೂತಲ್ಲೇ ಕತ್ತು ಜೋತು ಬೀಳೋದು, ತೂಕಡಿಸೋದು, ಕೊನೆಗೆ ದಪ್ ಅಂತ ಕೆಳಗೆ ಬೀಳೋದು. ಗುಂಡೇಟಿನ ಗಾಯ ಇಲ್ಲ. ಹೊಟ್ಟೆಗಿಲ್ಲದೆ ಸೊರಗಿದ ಲಕ್ಷಣವೂ ಇಲ್ಲ.

ಮೊದಲು ಕ್ರಿಮಿನಾಶಕದ ಮೇಲೆ ಅನುಮಾನ ಬಂತು. ಹೊಲಕ್ಕೆ ಹೊಡೆದ ಔಷಧ ದನದ ಮೈಗೆ ಸೇರಿ ಹದ್ದಿಗೆ ಹೋಗಿರಬಹುದು ಅಂದರು. ಆಮೇಲೆ ಯಾವುದೋ ಹೊಸ ವೈರಸ್ ಇರಬೇಕು ಅಂದರು. ಎರಡಕ್ಕೂ ಸರಿಯಾದ ಸಾಕ್ಷಿ ಸಿಗಲಿಲ್ಲ.

ಗುಟ್ಟು ಬಯಲಾಗಿದ್ದು ಪಾಕಿಸ್ತಾನದ ಪಂಜಾಬ್‌ನಲ್ಲಿ. ಅಲ್ಲೂ ಹದ್ದುಗಳು ಹೀಗೇ ಸಾಯ್ತಾ ಇದ್ದವು. ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತವರ ತಂಡ ಸತ್ತ ಹದ್ದುಗಳ ಹೊಟ್ಟೆ ಕೊಯ್ದು ನೋಡಿದರು. ಹೆಚ್ಚಿನವುಗಳ ಒಳಗೆ ಕಿಡ್ನಿ, ಲಿವರ್, ಹೃದಯದ ಮೇಲೆಲ್ಲಾ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂತಿತ್ತು. ಕಿಡ್ನಿ ಕೆಟ್ಟು, ಹೊರಗೆ ಹೋಗಬೇಕಾದ ಯೂರಿಕ್ ಆಸಿಡ್ ಮೈಯೊಳಗೇ ಗಟ್ಟಿಯಾದರೆ ಹೀಗಾಗುತ್ತೆ.

ಕಿಡ್ನಿ ಕೆಡಿಸಿದ್ದು ಏನು? ಹದ್ದು ತಿನ್ನೋದು ಸತ್ತ ದನ. ಹಾಗಾದ್ರೆ ದನಕ್ಕೆ ಹಾಕೋ ಔಷಧಗಳಲ್ಲೇ ಹುಡುಕೋಣ ಅಂತ ತಂಡ ಹೊರಟಿತು. ಸಿಕ್ಕಿದ್ದು ಡೈಕ್ಲೋಫೆನಾಕ್. ಕಿಡ್ನಿ ಕೆಟ್ಟು ಸತ್ತ 25 ಹದ್ದುಗಳನ್ನು ಪರೀಕ್ಷೆ ಮಾಡಿದರೆ 25ರಲ್ಲೂ ಈ ಔಷಧದ ಅಂಶ ಇತ್ತು. ಬೇರೆ ಕಾರಣಕ್ಕೆ ಸತ್ತಿದ್ದ 13 ಹದ್ದುಗಳಲ್ಲಿ ಒಂದರಲ್ಲೂ ಇರಲಿಲ್ಲ. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾದ ಮೇಲೆ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ದನಕ್ಕೆ ಮದ್ದು, ಹದ್ದಿಗೆ ವಿಷ

ಡೈಕ್ಲೋಫೆನಾಕ್ ಅನ್ನೋದು ಹೊಸ ಹೆಸರೇನಲ್ಲ. ಸೊಂಟ ನೋವು, ಮಂಡಿ ನೋವು ಅಂತ ಮೆಡಿಕಲ್‌ಗೆ ಹೋದರೆ ಕೊಡೋ ಮಾತ್ರೆ, ಹಚ್ಚಿಕೊಳ್ಳೋ ಮುಲಾಮು ಎಷ್ಟೋ ಇದರದ್ದೇ. 1990ರ ದಶಕದ ಮೊದಲ ವರ್ಷಗಳಲ್ಲಿ ಇದು ದನಗಳಿಗೂ ಬಂತು. ಜ್ವರ, ಕೆಚ್ಚಲು ಬಾವು, ಕಾಲು ಕುಂಟೋದು, ಕರು ಹಾಕಿದ ಮೇಲಿನ ನೋವು, ಯಾವುದಕ್ಕಾದರೂ ಸರಿ, ಒಂದು ಸೂಜಿ ಹಾಕಿದರೆ ದನ ಬೇಗ ಎದ್ದು ಮೇವಿಗೆ ಬಾಯಿ ಹಾಕ್ತಿತ್ತು. ಬೆಲೆಯೂ ಕಮ್ಮಿ. ಡೇರಿಗೆ ಹಾಲು ಹಾಕಿ ಸಂಸಾರ ನಡೆಸೋ ಮನೆಯಲ್ಲಿ ಸೀಮೆ ಹಸು ಎರಡು ದಿನ ಮಲಗಿದರೂ ಲೆಕ್ಕ ತಪ್ಪುತ್ತೆ. ಹೀಗಾಗಿ ಎಲ್ಲರೂ ಅದನ್ನೇ ಕೇಳಿದರು, ಅದನ್ನೇ ಹಾಕಿಸಿದರು. ಇದರಲ್ಲಿ ರೈತರ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ದನ ಉಳಿಯಲಿ ಅಂತ ಹಾಕಿಸಿದ ಸೂಜಿ ಅದು.

ತೊಂದರೆ ಬಂದಿದ್ದು ಸೂಜಿ ಹಾಕಿದ ಮೇಲೂ ದನ ಉಳಿಯದೇ ಹೋದಾಗ. ಔಷಧ ಹಾಕಿ ಒಂದೆರಡು ದಿನದಲ್ಲಿ ದನ ಸತ್ತರೆ ಅದರ ಲಿವರ್, ಕಿಡ್ನಿ, ಮಾಂಸದಲ್ಲಿ ಔಷಧ ಇನ್ನೂ ಉಳಿದಿರುತ್ತೆ. ಆ ಮಾಂಸವನ್ನು ನಾಯಿ ತಿಂದರೆ ಅಂಥ ತೊಂದರೆ ಆಗಲ್ಲ. ರಣಹದ್ದು ತಿಂದರೆ ಅದರ ಕಿಡ್ನಿ ತಡೆದುಕೊಳ್ಳಲ್ಲ. ಕೆಲವೇ ದಿನದಲ್ಲಿ ಸಾಯುತ್ತೆ.

ಇಲ್ಲೊಂದು ವಿಪರ್ಯಾಸ ಇದೆ. ರಣಹದ್ದಿನ ಹೊಟ್ಟೆಯ ಆಮ್ಲ ಎಷ್ಟು ಖಾರ ಅಂದ್ರೆ, ಮನುಷ್ಯರನ್ನು ಕಾಯಿಲೆಗೆ ಕೆಡವೋ ಎಷ್ಟೋ ರೋಗಾಣುಗಳನ್ನು ಅದು ಅರಗಿಸಿಕೊಳ್ಳುತ್ತೆ. ಕೊಳೆತ ಮಾಂಸ ತಿಂದು ಆರಾಮಾಗಿ ಹಾರಿ ಹೋಗುತ್ತೆ. ಅಂಥ ಹಕ್ಕಿಯನ್ನು ಬೀಳಿಸಿದ್ದು ಒಂದು ನೋವಿನ ಇಂಜೆಕ್ಷನ್.

ನೂರರಲ್ಲಿ ಒಂದು ಸಾಕು

ಎಲ್ಲಾ ದನಕ್ಕೂ ಈ ಸೂಜಿ ಹಾಕ್ತಾರಾ? ಸೂಜಿ ಹಾಕಿದ ದನವೆಲ್ಲಾ ಸಾಯುತ್ತಾ? ಇಲ್ಲ. ಹಾಗಿದ್ದ ಮೇಲೆ ಕೋಟಿಗಟ್ಟಲೆ ಹದ್ದು ಸತ್ತಿದ್ದು ಹೇಗೆ ಅನ್ನೋ ಪ್ರಶ್ನೆ ಬಂದೇ ಬರುತ್ತೆ.

ಉತ್ತರ ಹದ್ದು ಊಟ ಮಾಡೋ ರೀತಿಯಲ್ಲಿದೆ. ಅದು ಒಂಟಿಯಾಗಿ ತಿನ್ನೋ ಹಕ್ಕಿ ಅಲ್ಲ, ಪಂಕ್ತಿಯಲ್ಲಿ ಕೂತು ತಿನ್ನೋ ಹಕ್ಕಿ. ಒಂದು ದನದ ಸುತ್ತ ಹತ್ತಾರು ಹದ್ದು ಕೂರುತ್ತವೆ. ಆ ಒಂದು ದನದಲ್ಲಿ ವಿಷ ಇದ್ದರೆ ಇಡೀ ಪಂಕ್ತಿ ಎದ್ದು ಹೋದ ಹಾಗೆ. ಅಲ್ಲಿ ತಪ್ಪಿಸಿಕೊಂಡ ಹದ್ದು ಮುಂದಿನ ವಾರ ಇನ್ನೊಂದು ದನ, ಅದರ ಮುಂದಿನ ವಾರ ಮತ್ತೊಂದು ದನ ತಿನ್ನುತ್ತೆ. ವರ್ಷಪೂರ್ತಿ ತಿನ್ನೋದರಲ್ಲಿ ಒಂದು ತಪ್ಪಿದರೂ ಮುಗೀತು.

ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಮ್ಮಿ ದನದಲ್ಲಿ ಸಾಯಿಸೋವಷ್ಟು ಔಷಧ ಇದ್ದರೂ ಹದ್ದಿನ ಸಂತತಿ ಹೀಗೆ ಕುಸಿಯೋದಕ್ಕೆ ಸಾಕು ಅನ್ನೋದು ಅವರ ಲೆಕ್ಕ. ನಿಷೇಧಕ್ಕೆ ಮೊದಲು ಭಾರತದ ಹಲವು ರಾಜ್ಯಗಳಲ್ಲಿ ಸತ್ತ ದನಗಳ ಲಿವರ್ ಪರೀಕ್ಷೆ ಮಾಡಿದಾಗ ಔಷಧ ಸಿಕ್ಕಿದ್ದು ನೂರಕ್ಕೆ ಹತ್ತರಲ್ಲಿ.

ಇನ್ನೊಂದು ಕಡೆ ಹುಟ್ಟೋದು ತೀರಾ ನಿಧಾನ. ಜೋಡಿ ಹದ್ದು ವರ್ಷಕ್ಕೆ ಇಡೋದು ಒಂದೇ ಮೊಟ್ಟೆ. ಆ ಮರಿ ದೊಡ್ಡದಾಗಿ ತಾನೂ ಗೂಡು ಕಟ್ಟೋ ಹೊತ್ತಿಗೆ ಐದು ವರ್ಷ ಆಗಿರುತ್ತೆ. ಕೋಳಿ ಸತ್ತರೆ ಮುಂದಿನ ಸಂಕ್ರಾಂತಿಗೆ ಹಟ್ಟಿ ಮತ್ತೆ ತುಂಬುತ್ತೆ. ಹದ್ದು ಸತ್ತರೆ ಆ ಜಾಗ ತುಂಬೋಕೆ ಅರ್ಧ ತಲೆಮಾರು ಬೇಕು.

ನಿಷೇಧ ಆಯ್ತಲ್ಲ, ಇನ್ನೇನು?

2006ರಲ್ಲಿ ಕೇಂದ್ರ ಸರ್ಕಾರ ದನಗಳಿಗೆ ಡೈಕ್ಲೋಫೆನಾಕ್ ತಯಾರಿಸೋದನ್ನು ನಿಷೇಧಿಸಿತು. ಆದರೆ ಮನುಷ್ಯರಿಗೆ ಅದು ಬೇಕಾದ ಔಷಧ. ಹಾಗಾಗಿ ಮೆಡಿಕಲ್ ಅಂಗಡಿಯಲ್ಲಿ ಸಿಗೋದು ಮುಂದುವರಿಯಿತು. ಸಂದು ಸಿಕ್ಕಿದ್ದು ಅಲ್ಲೇ.

ಒಬ್ಬ ಮನುಷ್ಯನಿಗೆ ಒಂದು ಸಲಕ್ಕೆ ಬೇಕಾಗೋದು 3 ಮಿ.ಲೀ. ಆದರೆ 30 ಮಿ.ಲೀ. ಬಾಟಲಿಗಳೂ ಮಾರಾಟ ಆಗ್ತಿದ್ದವು. ಲೇಬಲ್ ಮೇಲೆ 'ಮನುಷ್ಯರಿಗೆ' ಅಂತ ಇದ್ದರೂ ಹೋಗ್ತಿದ್ದದ್ದು ಕೊಟ್ಟಿಗೆಗೆ. 2015ರಲ್ಲಿ ಸರ್ಕಾರ ಒಂದು ಬಾಟಲಿ 3 ಮಿ.ಲೀ. ಮೀರಬಾರದು ಅಂತ ನಿಯಮ ಮಾಡಿತು. ಔಷಧ ಕಂಪನಿಗಳ ಕಡೆಯಿಂದ ಇದನ್ನು ಕೋರ್ಟ್‌ನಲ್ಲಿ ಪ್ರಶ್ನೆ ಮಾಡಲಾಯಿತು. 2017ರಲ್ಲಿ ಮದ್ರಾಸ್ ಹೈಕೋರ್ಟ್ ನಿಯಮವನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ ಬೇರೆ ಹೆಸರಿನ ನೋವಿನ ಔಷಧಗಳು ಕೊಟ್ಟಿಗೆಗೆ ಬಂದಿದ್ದವು. ಅಸಿಕ್ಲೋಫೆನಾಕ್ ಅನ್ನೋದು ದನದ ಮೈಯೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತೆ. ಕೀಟೋಪ್ರೊಫೆನ್ ಕೂಡ ಹದ್ದನ್ನು ಕೊಲ್ಲುತ್ತೆ ಅಂತ ಸಾಬೀತಾಗಿದೆ. ಈ ಎರಡನ್ನೂ ದನಗಳಿಗೆ ಕೊಡಬಾರದು ಅಂತ ಕೇಂದ್ರ ಆದೇಶ ಹೊರಡಿಸಿದ್ದು 2023ರ ಜುಲೈನಲ್ಲಿ. ಆಮೇಲೆ ನಿಮೆಸುಲೈಡ್ ಕೂಡ ಇದೇ ಪಟ್ಟಿಗೆ ಸೇರಿತು. ಮೊದಲ ನಿಷೇಧಕ್ಕೂ 2023ರ ಆದೇಶಕ್ಕೂ ನಡುವೆ ಕಳೆದಿದ್ದು ಹದಿನೇಳು ವರ್ಷ.

ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದುಕೊಳ್ತಾ ಹೋಗಿದ್ದಕ್ಕೆ ಹದ್ದುಗಳು ಚೇತರಿಸಿಕೊಳ್ಳಲು ಸಮಯವೇ ಸಿಗಲಿಲ್ಲ.

ಧಾಮಕ್ಕೆ ಗಡಿ ಇದೆ, ಹಕ್ಕಿಗೆ ಇಲ್ಲ

ರಾಮದೇವರ ಬೆಟ್ಟವನ್ನು ಹದ್ದು ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಬಿಳಿಬೆನ್ನಿನ ಜಾತಿ ಮರದ ಮೇಲೆ ಗೂಡು ಕಟ್ಟುತ್ತೆ. ಉದ್ದಕೊಕ್ಕಿನದಕ್ಕೆ ಬೇಕಾಗಿರೋದು ಕಡಿದಾದ ಬಂಡೆ, ಯಾರೂ ಹತ್ತಲಾಗದ ಅಂಚು. ರಾಮನಗರದ ಸುತ್ತಲಿನ ಕಲ್ಲುಬೆಟ್ಟಗಳು ಅದಕ್ಕೆ ಹೇಳಿ ಮಾಡಿಸಿದ ಜಾಗ.

ಧಾಮ ಘೋಷಣೆಯಿಂದ ಮನೆ ಉಳಿಯಿತು. ಊಟದ ಕತೆ ಬೇರೆ. ಆಹಾರ ಹುಡುಕ್ತಾ ಒಂದು ಹದ್ದು ಒಂದೇ ದಿನದಲ್ಲಿ ನೂರು ಕಿಲೋಮೀಟರ್ ಆಚೆಗೂ ಹೋಗಿ ಬರಬಲ್ಲದು. ಬೆಟ್ಟದ ಮೇಲಿಂದ ಎದ್ದರೆ ಮಾಗಡಿ, ಕನಕಪುರ, ಚನ್ನಪಟ್ಟಣ, ಮದ್ದೂರು, ಯಾವ ಕಡೆ ಬೇಕಾದರೂ ಹೋಗಬಹುದು. 856 ಎಕರೆಯೊಳಗೆ ಎಷ್ಟು ಕಾವಲು ಹಾಕಿದರೂ, ನಲವತ್ತು ಕಿಲೋಮೀಟರ್ ದೂರದ ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ಹಾಕಿದ ಸೂಜಿ ಈ ಬೆಟ್ಟದ ಗೂಡನ್ನು ಖಾಲಿ ಮಾಡಬಹುದು.

ಸ್ಥಳೀಯವಾಗಿ ಇನ್ನೂ ಮೂರು ತೊಂದರೆಗಳಿವೆ.

ಮೊದಲನೆಯದು ಹಸಿವು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕೋರು ಕಮ್ಮಿ. ವಯಸ್ಸಾದ ದನ ಕೊಟ್ಟಿಗೆಯಲ್ಲೇ ಸಾಯೋದೂ ಕಮ್ಮಿ. ಸತ್ತರೂ ಬಯಲಿಗೆ ಹಾಕೋಕೆ ಬಯಲು ಎಲ್ಲಿದೆ? ಬೆಂಗಳೂರು ಬೆಳೀತಾ ಈ ಕಡೆ ಗೋಮಾಳ ಕರಗಿ ಲೇಔಟ್ ಆಗಿದೆ. ಸತ್ತ ದನವನ್ನು ಗುಂಡಿ ತೆಗೆದು ಹೂಳ್ತಾರೆ. ಅದು ತಪ್ಪಲ್ಲ. ಹದ್ದಿನ ಪಾಲಿಗೆ ಮಾತ್ರ ಅಲ್ಲಿಗೆ ಊಟ ಇಲ್ಲ.

ಎರಡನೆಯದು ವಿಷ. ಈ ಭಾಗದಲ್ಲಿ ಚಿರತೆ ಕಾಟ ಇದೆ, ನಾಯಿ ಕಾಟವೂ ಇದೆ. ಸಿಟ್ಟಿನಲ್ಲಿ ಯಾರಾದರೂ ಚಿರತೆ ತಿಂದುಳಿಸಿದ ಕುರಿ ಅಥವಾ ಕರುವಿನ ಮೇಲೆ ಕ್ರಿಮಿನಾಶಕ ಸುರಿದರೆ ಚಿರತೆಗಿಂತ ಮೊದಲು ಹದ್ದು ಅಲ್ಲಿಗೆ ಬಂದಿರುತ್ತೆ. ಇಂಥ ಒಂದೇ ಘಟನೆಯಲ್ಲಿ ಬೆಟ್ಟದ ಅರ್ಧ ಹಕ್ಕಿಗಳು ಹೋಗಿಬಿಡಬಹುದು, ಯಾಕಂದ್ರೆ ಉಳಿದಿರೋದೇ ಕೆಲವು.

ಮೂರನೆಯದು ಗದ್ದಲ. ಚಳಿಗಾಲದಲ್ಲಿ ಇವು ಗೂಡು ಕಟ್ಟಿ ಮೊಟ್ಟೆ ಇಡೋದು. ಪ್ರವಾಸಿಗರೂ ಬೆಟ್ಟ ಹತ್ತೋಕೆ ಇಷ್ಟಪಡೋದು ಅದೇ ಕಾಲದಲ್ಲಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಮೇಲೆ ರಾಜಧಾನಿಯಿಂದ ಬರೋದು ಇನ್ನೂ ಸಲೀಸಾಗಿದೆ. ಬಂಡೆ ಹತ್ತೋದು, ಸ್ಪೀಕರ್ ಹಾಕೋದು, ಡ್ರೋನ್ ಹಾರಿಸೋದು, ಇದರಿಂದ ಗೂಡಿನಿಂದ ತಾಯಿ ಎದ್ದರೆ ಮೊಟ್ಟೆ ತಣ್ಣಗಾಗುತ್ತೆ. ಆ ವರ್ಷದ ಒಂದೇ ಮೊಟ್ಟೆ ಅದು.

ಹದ್ದು ಹೋದರೆ ಮನುಷ್ಯರಿಗೇನು?

'ಹೆಣ ತಿನ್ನೋ ಹಕ್ಕಿ ಇದ್ದರೆಷ್ಟು, ಹೋದರೆಷ್ಟು?' ಅನ್ನೋರೂ ಇದ್ದಾರೆ. ಮನೆ ಮೇಲೆ ಹದ್ದು ಕೂತರೆ ಅಪಶಕುನ ಅಂತ ಶಾಂತಿ ಮಾಡಿಸೋರಿದ್ದಾರೆ. ಕೆಟ್ಟ ರಾಜಕಾರಣಿಯನ್ನು, ಬಡ್ಡಿ ವ್ಯಾಪಾರಿಯನ್ನು ಬೈಯೋಕೆ ರಣಹದ್ದು ಅಂತಾರೆ. ಅದೇ ಜನ ರಾಮಾಯಣದ ಜಟಾಯುವಿಗೆ ಕೈ ಮುಗೀತಾರೆ. ಪಟ್ಟಾಭಿರಾಮನ ಗುಡಿ ಇರೋ ಬೆಟ್ಟದಲ್ಲೇ ಜಟಾಯುವಿನ ಕುಲ ಮುಗೀತಾ ಇದೆ ಅನ್ನೋದು ಬಹಳ ಜನಕ್ಕೆ ಹೊಳೆಯೋದೇ ಇಲ್ಲ.

ಭಕ್ತಿಯ ಮಾತು ಪಕ್ಕಕ್ಕಿಟ್ಟು ಲೆಕ್ಕದ ಮಾತಿಗೆ ಬಂದರೂ ನಷ್ಟ ಮನುಷ್ಯರದ್ದೇ. ಹದ್ದು ತಿನ್ನದೇ ಬಿಟ್ಟ ಮಾಂಸ ನಾಯಿಗಳ ಪಾಲಾಯಿತು. ಹದ್ದು ಕುಸಿದ ವರ್ಷಗಳಲ್ಲೇ ದೇಶದಲ್ಲಿ ಬೀದಿನಾಯಿಗಳು ಸುಮಾರು 55 ಲಕ್ಷದಷ್ಟು ಜಾಸ್ತಿಯಾದವು ಅನ್ನೋ ಅಂದಾಜಿದೆ. ನಾಯಿ ಜಾಸ್ತಿಯಾದರೆ ಕಚ್ಚೋದು ಜಾಸ್ತಿ, ರೇಬೀಸ್ ಜಾಸ್ತಿ. ಜಗತ್ತಿನಲ್ಲಿ ರೇಬೀಸ್‌ನಿಂದ ಸಾಯೋರಲ್ಲಿ ಮೂರನೇ ಒಂದು ಭಾಗ ಭಾರತದವರು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಕೊಳೆತ ದನ ಕೆರೆ, ಹಳ್ಳದ ಪಕ್ಕ ಬಿದ್ದರೆ ನೀರೂ ಕೆಡುತ್ತೆ.

ಅರ್ಥಶಾಸ್ತ್ರಜ್ಞರಾದ ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸಂಖ್ಯೆಯಲ್ಲಿ ಹೇಳಿದೆ. ಮೊದಲು ಹದ್ದು ಜಾಸ್ತಿ ಇದ್ದ ಜಿಲ್ಲೆಗಳನ್ನೂ, ಮೊದಲಿನಿಂದಲೂ ಕಮ್ಮಿ ಇದ್ದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. ಹದ್ದು ಇಲ್ಲವಾದ ಕಾರಣಕ್ಕೆ 2000ದಿಂದ 2005ರ ನಡುವೆ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತಿದ್ದಾರೆ ಅನ್ನೋದು ಅವರ ಅಂದಾಜು. ಸಂಬಳ ಕೇಳದೆ ಊರು ಸ್ವಚ್ಛ ಮಾಡ್ತಿದ್ದ ಹಕ್ಕಿ ಹೋಗಿದ್ದಕ್ಕೆ ಕಟ್ಟಿದ ಬೆಲೆ ಇದು.

ಮತ್ತೆ ಬರೋಕೆ ಸಾಧ್ಯ ಇದೆಯಾ?

ಇದೆ. ದೂರದ ಉದಾಹರಣೆ ನೇಪಾಳದ್ದು. ಹದ್ದಿಗೆ ಸುರಕ್ಷಿತವಾದ ಮೆಲಾಕ್ಸಿಕ್ಯಾಮ್ ಅನ್ನೋ ಔಷಧವನ್ನು ಅಲ್ಲಿ ಊರೂರಿಗೆ ತಲುಪಿಸಿದರು, ಅಂಗಡಿಗಳಲ್ಲಿದ್ದ ಡೈಕ್ಲೋಫೆನಾಕ್ ವಾಪಸ್ ಪಡೆದರು. ನವಲಪರಾಸಿ ಜಿಲ್ಲೆಯ ಪಿಠೌಲಿ ಅನ್ನೋ ಹಳ್ಳಿಯಲ್ಲಿ 2006ರಿಂದ 'ಜಟಾಯು ರೆಸ್ಟೋರೆಂಟ್' ನಡೆಯುತ್ತಿದೆ. ರೈತರಿಗೆ ಬೇಡವಾದ ಮುದಿ ದನಗಳನ್ನು ತಂದು ಸಾಕ್ತಾರೆ. ಕಾಯಿಲೆ ಬಂದರೆ ಸುರಕ್ಷಿತ ಔಷಧ ಮಾತ್ರ ಕೊಡ್ತಾರೆ. ಅವು ತಾವಾಗಿಯೇ ಸತ್ತ ಮೇಲೆ ಹದ್ದುಗಳಿಗೆ ಹಾಕ್ತಾರೆ. ಆ ಭಾಗದಲ್ಲಿ ಹದ್ದಿನ ಗೂಡುಗಳು ಮತ್ತೆ ಜಾಸ್ತಿಯಾಗಿವೆ. ಈಗ ಅದನ್ನು ನೋಡೋಕೆ ಪ್ರವಾಸಿಗರೂ ಹೋಗ್ತಾರೆ.

ಹತ್ತಿರದ ಉದಾಹರಣೆ ಬಂಡೀಪುರ, ಮುದುಮಲೈ, ವಯನಾಡ್ ಕಾಡುಗಳದ್ದು. 2023ರ ಕೊನೆಯಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ರಾಜ್ಯಗಳು ಒಟ್ಟಿಗೆ ಎಣಿಸಿದಾಗ ಸಿಕ್ಕಿದ್ದು 320 ರಣಹದ್ದು. ಅದರಲ್ಲಿ ಉದ್ದಕೊಕ್ಕಿನವು 47. ಅಲ್ಲಿ ಅವು ಉಳಿದಿರೋದಕ್ಕೆ ಒಂದು ಮುಖ್ಯ ಕಾರಣ, ಹುಲಿ ಕೊಂದ ಜಿಂಕೆ, ಕಾಟಿಯ ಮಾಂಸ. ಕಾಡುಪ್ರಾಣಿಗೆ ಯಾರೂ ನೋವಿನ ಸೂಜಿ ಹಾಕಲ್ಲ. ಆ ಊಟದಲ್ಲಿ ವಿಷ ಇಲ್ಲ.

ರಾಮನಗರದ ಬೆಟ್ಟದ ಸುತ್ತ ಹುಲಿಕಾಡು ಇಲ್ಲ. ಇಲ್ಲಿನ ಹದ್ದು ಊರ ದನವನ್ನೇ ನಂಬಿದ ಹಕ್ಕಿ. ಹಾಗಾಗಿ ಇಲ್ಲಿ ಅದು ಉಳಿಯಬೇಕಾದರೆ ಊರ ದನವೇ ಸುರಕ್ಷಿತ ಆಗಬೇಕು.

ರೈತರು, ಸಾರ್ವಜನಿಕರು ಏನು ಮಾಡಬಹುದು?

* ದನಕ್ಕೆ ಜ್ವರ, ನೋವು, ಬಾವು ಬಂದಾಗ ಸೂಜಿ ಹಾಕೋ ಡಾಕ್ಟರ್‌ಗೆ ಒಂದು ಮಾತು ಕೇಳಿ: 'ಸರ್, ಇದು ಮೆಲಾಕ್ಸಿಕ್ಯಾಮಾ?' ಮೆಲಾಕ್ಸಿಕ್ಯಾಮ್ ದನದ ನೋವಿಗೂ ಕೆಲಸ ಮಾಡುತ್ತೆ, ಹದ್ದಿಗೂ ತೊಂದರೆ ಇಲ್ಲ ಅಂತ ಪರೀಕ್ಷೆಯಲ್ಲಿ ಸಾಬೀತಾಗಿದೆ. ಟಾಲ್ಫೆನಾಮಿಕ್ ಆಸಿಡ್ ಕೂಡ ಸುರಕ್ಷಿತ.

* ಮೆಡಿಕಲ್ ಅಂಗಡಿಯಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ದನಕ್ಕೆ ಚುಚ್ಚಬೇಡಿ, ಚುಚ್ಚಿಸಬೇಡಿ. ಅದು ಕಾನೂನಿಗೂ ವಿರುದ್ಧ. ಡಾಕ್ಟರ್ ಅಲ್ಲದವರ ಕೈಯಲ್ಲಿ ಸೂಜಿ ಹಾಕಿಸೋದು ದನಕ್ಕೂ ಒಳ್ಳೇದಲ್ಲ. ಪಶು ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

* ಸಾಯೋದಕ್ಕೆ ಒಂದು ವಾರದ ಒಳಗೆ ಯಾವ ಸೂಜಿ ಹಾಕಿದ್ದಾರೆ ಅಂತ ಗೊತ್ತಿಲ್ಲದಿದ್ದರೆ ಸತ್ತ ದನವನ್ನು ಬಯಲಿಗೆ ಹಾಕಬೇಡಿ. ಆಳವಾಗಿ ಗುಂಡಿ ತೆಗೆದು, ಸುಣ್ಣ ಹಾಕಿ ಹೂಳಿ. ಕಾಯಿಲೆಯಿಂದ ಇದ್ದಕ್ಕಿದ್ದ ಹಾಗೆ ಸತ್ತ ದನಕ್ಕೂ ಇದೇ ಮಾತು.

* ಚಿರತೆ ಕರು ಹಿಡಿದರೆ ಉಳಿದ ಮಾಂಸಕ್ಕೆ ವಿಷ ಹಾಕಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಪರಿಹಾರಕ್ಕೆ ಅರ್ಜಿ ಹಾಕಿ. ಸಹಾಯವಾಣಿ 1926.

* ಹಾರಲಾಗದೆ ಕೂತ, ಕತ್ತು ಜೋತುಬಿದ್ದ ಅಥವಾ ಸತ್ತ ರಣಹದ್ದು ಕಂಡರೆ ಮುಟ್ಟದೆ ಅದೇ ನಂಬರ್‌ಗೆ ಹೇಳಿ. ಸತ್ತ ಹಕ್ಕಿಯನ್ನು ಪರೀಕ್ಷೆ ಮಾಡಿದರೆ ಯಾವ ಔಷಧ ಅಂತ ಪತ್ತೆ ಹಚ್ಚಬಹುದು.

* ಬೆಟ್ಟಕ್ಕೆ ಹೋದರೆ ದಾರಿ ಬಿಟ್ಟು ಬಂಡೆ ಹತ್ತಬೇಡಿ. ಚಳಿಗಾಲದಲ್ಲಂತೂ ಸ್ಪೀಕರ್, ಡ್ರೋನ್ ಬೇಡವೇ ಬೇಡ.

ಈ ಪಟ್ಟಿಯಲ್ಲಿ ದುಡ್ಡು ಖರ್ಚಾಗೋ ಕೆಲಸ ಯಾವುದೂ ಇಲ್ಲ. ಹುಲಿ ಉಳಿಸೋಕೆ ಊರು ಬಿಡಬೇಕು, ಆನೆ ಉಳಿಸೋಕೆ ಹೊಲ ಬಿಡಬೇಕು ಅಂತ ರೈತರಿಗೆ ಭಯ ಇರುತ್ತೆ. ರಣಹದ್ದು ರೈತರಿಂದ ಹೊಲ ಕೇಳಲ್ಲ, ಬೆಳೆ ಕೇಳಲ್ಲ, ಜೀವ ಇರೋ ಕರು, ಕೋಳಿ ಯಾವುದನ್ನೂ ಮುಟ್ಟಲ್ಲ. ಅದಕ್ಕೆ ಬೇಕಾಗಿರೋದು ಸೂಜಿ ಬಾಟಲಿಯ ಮೇಲಿನ ಹೆಸರು ಬದಲಾಗೋದು ಮಾತ್ರ.

2025ರಲ್ಲಿ ಜಿಲ್ಲೆಯ ಹೆಸರು ಬದಲಾಗಿ ಬೆಂಗಳೂರು ದಕ್ಷಿಣ ಆಯ್ತು. ಬೆಟ್ಟ ಅದೇ ಇದೆ, ಬಂಡೆಯ ಸಂದೂ ಅದೇ ಇದೆ. ಈ ಚಳಿಗಾಲ ಅಲ್ಲಿ ಒಂದು ಜೋಡಿ ಮೊಟ್ಟೆ ಇಟ್ಟರೆ, ಆ ಮರಿ ತಾನು ಗೂಡು ಕಟ್ಟೋ ಹೊತ್ತಿಗೆ ಐದು ವರ್ಷ ಆಗುತ್ತೆ. ಆ ಐದು ವರ್ಷವೂ ಅದು ಸುತ್ತಲಿನ ಹಳ್ಳಿಗಳಲ್ಲಿ ಸತ್ತ ದನವನ್ನೇ ತಿನ್ನಬೇಕು. ಅದರಲ್ಲಿ ಒಂದು ದನದಲ್ಲೂ ವಿಷ ಇರಬಾರದು.